ಬೂದಿಗಡಿಗೆಯ ಅವರೆ

ಯುಗಾದಿಗೆ ಮುಂಚಿನ ವಾರ, ಕೌಲ್ ಬಜಾರಿನ ನನ್ನ ಅತ್ತೆಯ ಮನೆಯಲ್ಲಿ ಕಾಳಿನ ಗಡಿಗೆಗಳೆಲ್ಲ ಬರಿದಾಗಬೇಕಿತ್ತು. ಹೊಸ ಜೋಳ ಮನೆಗೆ ಬರುವ ಮುಂಚೆ ಹಳೆಯದರ ತಳ ಕಾಣಬೇಕು, ಅದು ಅವರ ಕಟ್ಟಳೆ. ಹುಳ ಹತ್ತಿದ ಹೆಸರು, ಯಾರಿಗೂ ಬೇಡವಾದ ಹುರುಳಿ, ಹಿಡಿಯಷ್ಟು ಉಳಿದ ನವಣೆ, ಯಾವುದನ್ನೂ ಎಸೆಯುವಂತಿರಲಿಲ್ಲ. ಮೊರದಲ್ಲಿ ಕೇರಿ, ಬಿಸಿಲಿಗೆ ಹಾಕಿ, ಜೀರಿಗೆ ಮೆಣಸು ಕೂಡಿಸಿ ಎಲ್ಲದರದೂ ಒಂದು ಹುಗ್ಗಿ. ಒಂದು ವರ್ಷದ ರುಚಿ ಇನ್ನೊಂದು ವರ್ಷಕ್ಕಿಲ್ಲ. ಈಗ ನನ್ನ ಸೊಸೆಯಂದಿರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಮುರಿಯಲಿ, ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ.

ನಾನು ಸೊಸೆಯಾಗಿ ಆ ಮನೆಗೆ ನಡೆಯಲು ಬಂದ ಮೊದಲ ವರ್ಷ ಅತ್ತೆ ಕುರುಗೋಡಿಗೆ, ನೆಂಟರ ಮದುವೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ನಾನೊಬ್ಬಳೇ ಎಲ್ಲ ಮುಗಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಸೆರಗು ಬಿಗಿದೆ. ಮೂಲೆಯಲ್ಲಿ, ಎಲ್ಲ ಗಡಿಗೆಗಳ ಹಿಂದೆ ಒಂದು ಪುಟ್ಟ ಗಡಿಗೆ ಸಿಕ್ಕಿತು. ತುಂಬ ಬೂದಿ, ಬೂದಿಯೊಳಗೆ ಹೆಬ್ಬೆರಳಿನ ಉಗುರಿನಷ್ಟು ದಪ್ಪ ಅವರೆಕಾಳು. ಸಿರುಗುಪ್ಪದ ನನ್ನ ತವರಿನಲ್ಲಿ ಬೀಜವನ್ನು ಸೋರೆ ಬುರುಡೆಯಲ್ಲಿ ತುಂಬಿ ಒಲೆಯ ಮೇಲೆ ಹೊಗೆಗೆ ಕಟ್ಟುತ್ತಿದ್ದರು. ಬೂದಿಯಲ್ಲಿ ಹೂತಿಟ್ಟದ್ದನ್ನು ನಾನು ಕಂಡವಳೇ ಅಲ್ಲ. ಮರೆತು ಹೋದ ಕಾಳು ಅಂದುಕೊಂಡು ಆರಿಸಿ, ತೊಳೆದು ಹುಗ್ಗಿಗೆ ಹಾಕಿದೆ.

ಮರುದಿನ ಬಂಡಿಯಿಂದಿಳಿದ ಅತ್ತೆ ಊಟಕ್ಕೆ ಕೂತರು. ಎರಡನೆಯ ತುತ್ತಿಗೆ ಕೈ ನಿಂತಿತು.

“ಈ ಅವರಿ ಎಲ್ಲಿದು?”

“ಬೂದಿಗಡಿಗ್ಯಾಗಿಂದು ರೀ.”

“ಎಲ್ಲಾ ಹಾಕಿದೇನು?”

ನಾನು ತಲೆಯಾಡಿಸಿದೆ. ಆಮೇಲೆ ಅವರೇ ಹೇಳಿದರು. ಮದುವೆಯಾಗಿ ಕುರುಗೋಡಿನಿಂದ ಹೊರಟಾಗ ಅವರ ಅವ್ವ ಉಡಿ ತುಂಬುತ್ತ ಅಕ್ಕಿ, ಕೊಬ್ಬರಿಯ ಜೊತೆ ಆ ಅವರೆಯನ್ನೂ ಹಾಕಿದ್ದಳಂತೆ. ಅವ್ವ ಹೋಗಿ, ಆ ಮನೆ ಹಿತ್ತಲು ಬೇರೆಯವರ ಪಾಲಾಗಿ ಎಷ್ಟೋ ಕಾಲವಾಗಿತ್ತು. ಅತ್ತೆ ಮಾತ್ರ ವರ್ಷವೂ ಬಿತ್ತಿ, ಬೀಜ ಎತ್ತಿಡುತ್ತ ಬಂದಿದ್ದರು. ತವರು ಅಂತ ಅವರಿಗೆ ಉಳಿದದ್ದು ಅದೊಂದೇ. ಅದನ್ನು ನಾನು ಜೀರಿಗೆ ಹಾಕಿ ಬೇಯಿಸಿಬಿಟ್ಟಿದ್ದೆ!

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡು, ಕೈ ತೊಳೆದು ಕೇಳಿದರು:

“ಬೂದಿ ಏನು ಮಾಡಿದಿ?”

“ಚೆಲ್ಲಿಲ್ಲ ರೀ. ಪಾತ್ರಿ ತಿಕ್ಕಾಕ ಇಟ್ಟೀನಿ.”

“ತಗೊಂಡು ಬಾ.”

ಹಿತ್ತಲಲ್ಲಿ ಇಬ್ಬರೂ ಕೂತು ಜರಡಿ ಹಿಡಿದೆವು. ಅತ್ತೆಯ ಹುಬ್ಬೆಲ್ಲ ಬೆಳ್ಳಗಾಯಿತು, ನನ್ನ ಕಣ್ಣೀರಿಗೆ ಕೆನ್ನೆಯ ಮೇಲೆ ಬೂದಿ ಕೆಸರಾಯಿತು. ನಾನು ಆರಿಸುವಾಗ ತಪ್ಪಿಸಿಕೊಂಡ ಒಂಬತ್ತು ಕಾಳು ಸಿಕ್ಕವು. ಎಲ್ಲ ಬಡಕಲು, ಒಂದಂತೂ ಸೊಟ್ಟ.

ಮಳೆ ಬಿದ್ದ ಮೇಲೆ ಬೇಲಿಯ ಪಕ್ಕ ಬಿತ್ತಿದೆವು. ದಿನಾ ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಅಲ್ಲಿಗೆ ಓಡುತ್ತಿದ್ದೆ. ನಾಲ್ಕು ಮೊಳೆತವು. ಒಂದನ್ನು ಆಡು ತಿಂದಿತು. ಆ ಆಡನ್ನು ನಾನು ಬೈದದ್ದು ಓಣಿಗೆಲ್ಲ ಕೇಳಿಸಿತಂತೆ. ಉಳಿದ ಮೂರು ಬಳ್ಳಿ ಚಳಿಗಾಲದಲ್ಲಿ ಹೂಬಿಟ್ಟು ಕಾಯಾದವು. ಆ ವರ್ಷ ಒಂದು ಕಾಯನ್ನೂ ನಾವು ತಿನ್ನಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಚೊಚ್ಚಲ ಬಾಣಂತನಕ್ಕೆ ನಾನು ಸಿರುಗುಪ್ಪಕ್ಕೆ ಹೊರಟೆ. ಅತ್ತೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಅದರ ಮೇಲೆ ಎರಡು ಹಿಡಿ ಅವರೆ.

“ನನ್ನ ಕೈಯಾಗ ಯಾಕ್ರಿ ಅತ್ತಿ? ನಾ ಇದನ್ನ ಬೇಯಿಸಿದಾಕಿ.”

“ಅದಕ್ಕ ಕೊಡಾಕತ್ತೀನಿ” ಎಂದರು ಅತ್ತೆ. “ಇನ್ನ ಮ್ಯಾಲ ಇದನ್ನ ನಿನ್ನಷ್ಟು ಜೋಪಾನ ಮಾಡಾಕಿ ಯಾರದಾರ?”

ಸಿರುಗುಪ್ಪ ಮುಟ್ಟಿದಾಗ ನಮ್ಮವ್ವ ಕಾಳು ನೋಡಿ ಹಿಗ್ಗಿ, ತುಂಬಿಡಲು ಸೋರೆ ಬುರುಡೆ ತಂದಳು. ನಾನು ಬೇಡವೆಂದು ಒಲೆಯ ಬೂದಿ ಕೇಳಿದೆ.