ಮಳಿಗೆಯ ಮುಂದಿನ ಹಳದಿ ಬಲ್ಬು

ಮಾದಾಪುರದ ಪೇಟೆಯಲ್ಲಿ ವಿನುತಾಳಿಗೆ ಜಗಳಗಂಟಿ ಎಂಬ ಹೆಸರಿದೆ. ಹೆಸರು ಸುಮ್ಮನೆ ಬಂದದ್ದಲ್ಲ. ಬಸ್ಸು ನಿಲ್ದಾಣ ದಾಟಿ ಮುಂದೆ ಹೋಗಿ ನಿಂತರೆ ಕಂಡಕ್ಟರನ ಜತೆ, ಹಾಲು ತೆಳ್ಳಗಾದರೆ ಹಸುವಿನ ಒಡೆಯನ ಜತೆ ಆಕೆ ಸೆರಗು ಸಿಕ್ಕಿಸಿ ನಿಂತುಬಿಡುತ್ತಾಳೆ. ಬಹುಪಾಲು ನ್ಯಾಯ ಅವಳ ಕಡೆಗೇ ಇರುತ್ತದೆ ಎಂಬುದನ್ನು ಮಾತ್ರ ಪೇಟೆಯವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಅವಳು ತಮ್ಮ ಬಾಗಿಲಿಗೇ ಬಂದಾಳು ಎಂಬ ಭಯ.

ಗಂಡನ ಮನೆಯ ಸಹವಾಸ ಸಾಕೆಂದು ಶನಿವಾರಸಂತೆಯಿಂದ ತಾಯಿ ಚನ್ನಬಸಮ್ಮನ ಬಳಿಗೆ ಮರಳಿ ಬಂದವಳು, ಸಿದ್ದಣ್ಣನ ಕಟ್ಟಡದಲ್ಲಿ ಒಂದು ಮಳಿಗೆ ಹಿಡಿದು ಕಂಪ್ಯೂಟರ್ ಅಂಗಡಿ ತೆರೆದಳು. ಪಹಣಿ, ಕಾಲೇಜಿನ ಅರ್ಜಿ, ಪಿಂಚಣಿಯ ಕಾಗದ, ಮದುವೆಯ ಕರೆಯೋಲೆ ಎಲ್ಲವೂ ಅಲ್ಲಿ ಆಗುತ್ತಿತ್ತು. ಬದುಕಿನಲ್ಲಿ ಅವಳು ತಾನೇ ಆರಿಸಿಕೊಂಡದ್ದು ಎಂದರೆ ಆ ಮಳಿಗೆಯೊಂದೇ. ಅದರ ಬೀಗದ ಕೈಯನ್ನು ಮಲಗುವಾಗಲೂ ಕುತ್ತಿಗೆಯ ದಾರದಿಂದ ಬಿಚ್ಚುತ್ತಿರಲಿಲ್ಲ.

ಸಿದ್ದಣ್ಣನದು ಪಕ್ಕದಲ್ಲೇ ಹಲ್ಲರ್ ಮಿಲ್ಲು. ತೋಟದವರು ತರುವ ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಬೇರ್ಪಡಿಸಿ ಕೊಡುವ ಯಂತ್ರ. ಅವನ ಹಣೆಗೆ ವಿಭೂತಿ, ಮಾತಿಗೆ ಬೆಲ್ಲ. ಮಿಲ್ಲಿಗೆ ಬರುವ ಮೂಟೆಗಳು ಹೆಚ್ಚಾದ ಮೇಲೆ ಆ ಮಳಿಗೆ ಗೋದಾಮಿಗೆ ಬೇಕೆನಿಸಿತ್ತು. ಬಿಡು ಎಂದು ನೇರವಾಗಿ ಹೇಳುವ ಧೈರ್ಯ ಸಾಲದೆ ಕಾಯುತ್ತಿದ್ದ. ಕಂಪ್ಯೂಟರೇ ಅವನಿಗೆ ದಾರಿ ಮಾಡಿಕೊಟ್ಟಿತು.

ಅದು ಇದ್ದಕ್ಕಿದ್ದಂತೆ ಆರತೊಡಗಿತು. ಅರ್ಧ ತುಂಬಿದ ಅರ್ಜಿಗಳು ಮಾಯವಾದವು. ಕರೆಂಟು ಹೋದರೂ ಯಂತ್ರ ನಡೆಸಬೇಕಾದ ಯುಪಿಎಸ್‌ನ ಬ್ಯಾಟರಿ ಉಬ್ಬಿ ಕೂತಿತು, ಹೊಸದು ಹಾಕಿಸಿದರೆ ಅದೂ ಉಬ್ಬಿತು. ಕುಶಾಲನಗರದಿಂದ ಬಂದ ರಿಪೇರಿಯವನು ವೈರಸ್ ಎಂದು ಹೇಳಿ ಎಲ್ಲ ಅಳಿಸಿ ಹೊಸದಾಗಿ ತುಂಬಿಸಿ ಹೋದ. ಅವನ ಬೈಕು ಪೇಟೆ ದಾಟುವುದಕ್ಕೆ ಮೊದಲೇ ಪರದೆ ಮತ್ತೆ ಕಪ್ಪಾಯಿತು.

"ಆ ಜಾಗ ಕಂಪ್ಯೂಟರಿಗೆ ಆಗಿಬರಲ್ಲ ಕಣ್ರಪ್ಪ," ಎಂದು ಸಿದ್ದಣ್ಣ ಎದುರಿನ ಟೀ ಅಂಗಡಿಯಲ್ಲಿ ಕೂತು ಮರುಕ ತೋರಿಸಿದ. "ಪಾಪ, ಹೆಣ್ಮಗಳು. ಯುಗಾದಿಗೆ ಬಿಟ್ಟು ಬೇರೆ ಏನಾದ್ರೂ ನೋಡ್ಕೊ ಅಂತ ಹೇಳ್ತೀನಿ."

ಮಾತು ವಿನುತಾಳ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಅವಳು ನೇರ ಮಿಲ್ಲಿಗೆ ನುಗ್ಗಿದಳು. ಮಳಿಗೆಯ ಕರೆಂಟನ್ನು ಮಿಲ್ಲಿನ ಬೋರ್ಡಿನಿಂದಲೇ ಎಳೆದಿದ್ದರು. ಹಾಗಾಗಿ ಅನುಮಾನ ಅವಳಿಗೆ ಮೊದಲೇ ಇತ್ತು.

"ಜಾಗದ ದೋಷ ಅಲ್ಲ ಸಿದ್ದಣ್ಣೋರೆ, ನಿಮ್ಮ ಮೋಟ್ರು ದೋಷ. ಒಂದಿನ ಮಿಲ್ ನಿಲ್ಸಿ. ನನ್ನ ಕಂಪ್ಯೂಟರ್ ಆರಿದ್ರೆ ನಾನೇ ಮಳಿಗೆ ಬಿಟ್ಟುಕೊಡ್ತೀನಿ."

ಸಿದ್ದಣ್ಣ ಹಲ್ಲು ಕಾಣುವಂತೆ ನಕ್ಕ. ಮಿಲ್ಲಿನಲ್ಲಿ ಮೂಟೆ ಇಳಿಸುತ್ತಿದ್ದವರೆಲ್ಲ ಸಾಕ್ಷಿ. ಮಾರನೆಯ ದಿನ ಮಿಲ್ಲು ನಿಂತಿತು. ಪೇಟೆಯೇ ಮೌನವಾದಂತೆ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಆರಿತು.

ವಿನುತಾಳ ಮುಖ ಕೆಂಪಾಯಿತು. ಹೊರಗೆ ಯಾರೋ ಕಿಸಕ್ಕೆಂದರು. ಸಿದ್ದಣ್ಣ ಬಾಗಿಲಿಗೆ ಬಂದು, "ಇರ್ಲಿ ಬಿಡಮ್ಮ, ಯುಗಾದಿವರ್ಗೂ ಇರು. ನಾನೇನು ಕಲ್ಲು ಮನ್ಸಿನೋನಲ್ಲ," ಎಂದ. ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಊಟದ ಹೊತ್ತಾಗಿತ್ತು. ಬೆಳಿಗ್ಗೆಯೇ ತಂದಿಟ್ಟಿದ್ದ ಬುತ್ತಿಯನ್ನು ಚನ್ನಬಸಮ್ಮ ಬಿಚ್ಚಿ ಮಗಳ ಮುಂದೆ ಇಟ್ಟಳು. "ತಿನ್ನು ಮಗಾ. ಹೊಟ್ಟೆ ಮೇಲೆ ಯಾಕೆ ಸಿಟ್ಟು?"

ವಿನುತಾ ರೊಟ್ಟಿ ಮುರಿದಳು. ರೊಟ್ಟಿ ಬಿಸಿಯಾಗಿತ್ತು. ಮೇಲೆ ಸವರಿದ ತುಪ್ಪ ಕರಗಿ ಹರಿಯುತ್ತಿತ್ತು.

"ಅವ್ವ, ಇದು ಬೆಳಿಗ್ಗೆ ಸುಟ್ಟ ರೊಟ್ಟಿ ಅಲ್ವ?"

"ಹೂ ಕಣೆ. ದಿನಾ ನಿನ್ನ ಪೆಟ್ಟಿಗೆ ಮೇಲೆ ಇಡ್ತೀನಲ್ಲ. ಒಲೆ ಮೇಲಿಟ್ಟಂಗೆ ಇರ್ತದೆ."

ವಿನುತಾ ತುತ್ತು ಹಿಡಿದೇ ಇನ್ನೊಂದು ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ನೋಡಿದಳು.

ಆ ಪೆಟ್ಟಿಗೆಯ ಕಥೆ ಹೇಳಬೇಕು. ಅಂಗಡಿ ತೆರೆದ ಮೊದಲ ಮಳೆಗಾಲದಲ್ಲೇ ಬೂಷ್ಟು ಬಂದು ಪ್ರಿಂಟರಿನ ಹೊಟ್ಟೆಯೊಳಗೆ ಬಿಳಿ ಕೂದಲು ಬೆಳೆದಿತ್ತು. ಇಲ್ಲಿನ ಮನೆಗಳಲ್ಲಿ ರೇಷ್ಮೆ ಸೀರೆಯ ಬೀರುವಿನೊಳಗೆ ಬಲ್ಬು ಉರಿಸುವುದು ವಾಡಿಕೆ. ಆ ಕಾವಿಗೆ ತೇವ ನಿಲ್ಲುವುದಿಲ್ಲ. ಸೀರೆಗೆ ಒಳ್ಳೆಯದಾದದ್ದು ಯಂತ್ರಕ್ಕೂ ಒಳ್ಳೆಯದೇ ತಾನೆ ಎಂದು ಚನ್ನಬಸಮ್ಮ ಹೇಳಿದಳು, ಮಗಳು ಒಪ್ಪಿದಳು. ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಕಂಪ್ಯೂಟರನ್ನೂ ಯುಪಿಎಸ್ಸನ್ನೂ ಕೂರಿಸಿ, ಪಕ್ಕದಲ್ಲಿ ಹಳೆಯ ಹಳದಿ ಬಲ್ಬು ನೇತುಹಾಕಿದರು. ಎಲ್ಇಡಿ ಬೇಡ, ಅದಕ್ಕೆ ಕಾವಿಲ್ಲ ಎಂದು ತಾಯಿಯೇ ಹುಡುಕಿ ತಂದ ಬಲ್ಬು. ಮಳೆ ನಿಂತಿತು, ಚಳಿ ಬಂತು, ಬಲ್ಬು ಆರಲಿಲ್ಲ. ಮಿಲ್ಲಿನ ಹೊಟ್ಟಿನ ಧೂಳು ಬಾರದಿರಲೆಂದು ಪೆಟ್ಟಿಗೆಯ ಸಂದಿಗಳಿಗೆ ಬಟ್ಟೆಯನ್ನೂ ತುರುಕಿದ್ದರು.

ವಿನುತಾ ಎದ್ದು ಬಲ್ಬು ಬಿಚ್ಚಿದಳು. ಪೆಟ್ಟಿಗೆಯಿಂದ ಯಂತ್ರವನ್ನು ಹೊರಗೆಳೆದು ಪಕ್ಕದ ತಗಡು ಕಳಚಿದಳು. ಫ್ಯಾನಿನ ರೆಕ್ಕೆಗಳಿಗೆ ಕಾಫಿ ಹೊಟ್ಟು ಮೆತ್ತಿಕೊಂಡು ಕಂಬಳಿಯಾಗಿತ್ತು. ಬ್ರಷ್ಷಿನಿಂದ ಉದುರಿಸಿ ಮೇಜಿನ ಮೇಲೆ ತೆರೆದ ಗಾಳಿಗೆ ಇಟ್ಟಳು. ಆ ದಿನ ಸಂಜೆಯವರೆಗೆ ಯಂತ್ರ ಒಮ್ಮೆಯೂ ಆರಲಿಲ್ಲ. ಚನ್ನಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ನಿಂದ ಆಯ್ತಲ್ಲೆ."

"ನಿನ್ನಿಂದ ಗೊತ್ತಾಯ್ತು ಅನ್ನು," ಎಂದಳು ಮಗಳು.

ಆದರೆ ಮರುದಿನ ಬೆಳಿಗ್ಗೆ, ಯಂತ್ರ ಇನ್ನೂ ತಣ್ಣಗಿರುವಾಗಲೇ, ಪಕ್ಕದಲ್ಲಿ ಮಿಲ್ಲಿನ ಮೋಟಾರು ಗುರ್ರೆಂದಿತು. ಪರದೆ ಕಪ್ಪಾಯಿತು, ತಾನಾಗಿಯೇ ಮತ್ತೆ ಶುರುವಾಯಿತು.

ಇದು ಬೇರೆ ಬಗೆಯ ಸಾವು ಎಂದು ವಿನುತಾಳಿಗೆ ಆಗ ಹೊಳೆಯಿತು. ಬಿಸಿಯಾಗಿ ಸಾಯುವಾಗ ಫ್ಯಾನ್ ಮೊದಲು ಅರಚಿಕೊಳ್ಳುತ್ತಿತ್ತು, ಪರದೆ ತಡವರಿಸುತ್ತಿತ್ತು, ಆರಿದ ಮೇಲೆ ತಣ್ಣಗಾಗುವವರೆಗೆ ಎಷ್ಟು ಸಲ ಗುಂಡಿ ಒತ್ತಿದರೂ ಶುರುವಾಗುತ್ತಿರಲಿಲ್ಲ. ಈಗ ಅಂಥ ಯಾವ ಸೂಚನೆಯೂ ಇಲ್ಲ. ರೋಗ ಎರಡಿದ್ದವು, ಅವಳು ಒಂದೇ ಎಂದುಕೊಂಡಿದ್ದಳು. ಮಿಲ್ಲು ನಿಂತ ದಿನ ಕಂಪ್ಯೂಟರನ್ನು ಕೊಂದದ್ದು ಬಲ್ಬು. ಮಿಲ್ಲು ನಡೆದ ದಿನ ಕೊಲ್ಲುತ್ತಿರುವುದು, ಹತ್ತುವಾಗ ಕರೆಂಟನ್ನೆಲ್ಲ ಒಮ್ಮೆಗೇ ಎಳೆದುಕೊಳ್ಳುವ ಮೋಟಾರು.

ಹೇಳಿದರೆ ನಂಬುವವರು ಯಾರು? ಊರ ಮುಂದೆ ಪಂಥ ಕಟ್ಟಿ ಸೋತವಳು ಅವಳು. ಮತ್ತೆ ಮಿಲ್ಲಿಗೆ ಹೋದರೆ ನಗುತ್ತಾರೆ. ಮನೆಗಳಲ್ಲಿ, ಅಂಗಡಿಗಳಲ್ಲಿ ಎಲ್ಲೆಲ್ಲೂ ಎಲ್ಇಡಿ. ವೋಲ್ಟೇಜು ಬಿದ್ದರೂ ಅವು ಒಂದೇ ಸಮ ಉರಿಯುತ್ತವೆ, ಚಾಡಿ ಹೇಳುವುದಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಹಳದಿ ಬಲ್ಬಿನ ಮೇಲೆ ಅವಳ ಕಣ್ಣು ಹೋಯಿತು.

ಅದನ್ನು ಮಳಿಗೆಯ ಜಗುಲಿಯ ತೊಲೆಗೆ, ದಾರಿಹೋಕರ ಕಣ್ಣಿಗೆ ಬೀಳುವಂತೆ ನೇತುಹಾಕಿದಳು. ಹಗಲಿನಲ್ಲಿ ದೀಪ ಉರಿಸುವವಳನ್ನು ನೋಡಿ ಟೀ ಅಂಗಡಿಯವರು ತಲೆ ಕೆಟ್ಟಿದೆ ಎಂದುಕೊಂಡರು. ಒಣ ಕಾಫಿ ಹಣ್ಣಿನ ಮೂಟೆ ತಂದು ಸರದಿ ಕಾಯುತ್ತಿದ್ದ ಜವರಪ್ಪ ಮಾತ್ರ ಬೀಡಿ ಸೇದುತ್ತಾ ಅದನ್ನೇ ನೋಡುತ್ತಿದ್ದ. ಮೋಟಾರು ಗುರ್ರೆಂದಿತು. ಬಲ್ಬು ಕೆಂಡದಷ್ಟು ಮಂಕಾಗಿ, ಮೆಲ್ಲನೆ ಚೇತರಿಸಿಕೊಂಡಿತು.

"ಅಯ್ಯೋ, ಸತ್ತೇ ಹೋಯ್ತಲ್ಲವ್ವ!" ಎಂದ ಜವರಪ್ಪ.

ಮೋಟಾರು ನಿಂತಿತು, ಮತ್ತೆ ಹತ್ತಿತು. ಬಲ್ಬು ಮತ್ತೆ ಸೊರಗಿತು. ಟೀ ಅಂಗಡಿಯವರು ಲೋಟ ಹಿಡಿದೇ ರಸ್ತೆ ದಾಟಿ ಬಂದರು. ಪೇಟೆಗೆ ಅಂದು ಬೇರೆ ಕೆಲಸವಿರಲಿಲ್ಲ. ಮೋಟಾರು ಗುರ್ರೆಂದಾಗೆಲ್ಲ, "ಹೋಯ್ತು, ಹೋಯ್ತು!" ಎಂದು ಗುಂಪು ಕೂಗುತ್ತಿತ್ತು. ಒಳಗಿದ್ದ ಸಿದ್ದಣ್ಣ ತನ್ನ ಮಿಲ್ಲಿಗೆ ಇಷ್ಟು ಅಭಿಮಾನಿಗಳು ಯಾಕೆಂದು ನೋಡಲು ಹೊರಗೆ ಬಂದ. ನೋಡಿದವನ ಮುಖವೂ ಬಲ್ಬಿನ ಹಾದಿ ಹಿಡಿಯಿತು.

"ಅದನ್ನ ತೆಗಿ ವಿನುತಾ. ಏನು ತಮಾಷೆ ಇದು? ನಿನ್ನ ಪೆಟ್ಟಿಗೆಯಲ್ಲೇ ಬಿಸಿ ಇತ್ತಂತಲ್ಲ. ನಿಮ್ಮವ್ವನೇ ಹೇಳಿದ್ಲು. ತಪ್ಪು ನಿಂದೇ."

ಗುಂಪಿನ ಕಣ್ಣೆಲ್ಲ ಅವಳ ಕಡೆ ತಿರುಗಿದವು. ವಿನುತಾ ತಲೆ ತಗ್ಗಿಸಲಿಲ್ಲ.

"ಹೌದು, ಇತ್ತು. ಅರ್ಧ ತಪ್ಪು ನಂದೇ. ನನ್ನ ಅರ್ಧ ನಾನು ತೆಗ್ದು ಎಲ್ಲರ ಮುಂದೆ ನೇತಾಕಿದೀನಿ, ನೋಡಿ. ನಿಮ್ಮ ಅರ್ಧ ಯಾವಾಗ ತೆಗಿತೀರ?"

"ಏನ್ ಮಾಡ್ಬೇಕು ಅಂತೀಯ?"

"ನಿಮ್ಮ ಬೋರ್ಡಿನ ಕರೆಂಟು ನಂಗೆ ಬೇಡ. ಕಂಬದಿಂದ ಮಳಿಗೆಗೆ ಬೇರೆ ಲೈನು, ಬೇರೆ ಮೀಟ್ರು. ಅರ್ಜಿಗೆ ಕಟ್ಟಡದ ಒಡೆಯರ ಸೈನ್ ಬೇಕು. ಹಾಕೋವರ್ಗೂ ಬಲ್ಬ್ ಇಳ್ಸಲ್ಲ. ಯುಗಾದಿ ಬರ್ಲಿ, ದೀಪಾವಳಿ ಬರ್ಲಿ."

ಜವರಪ್ಪ ಬೀಡಿ ಎಸೆದು, "ಹಾಕ್ಬುಡಿ ಸಿದ್ದಣ್ಣೋರೆ, ನಮ್ಮ ಮೂಟೆ ಬಿಸ್ಲಲ್ಲಿ ಕಾಯ್ತಾ ಅವೆ," ಎಂದ. ಸಿದ್ದಣ್ಣ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಲ್ಲೇ ಜಗುಲಿಯ ಮೇಲೆ ಸಹಿ ಹಾಕಿದ.

ಯುಗಾದಿ ಕಳೆಯಿತು, ಮಳಿಗೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಹೊಸ ಲೈನು ಬಂತು. ಯಂತ್ರ ಈಗ ತೆರೆದ ಮೇಜಿನ ಮೇಲಿದೆ. ಮಳೆಗಾಲದಲ್ಲಿ ಅಂಗಡಿ ಮುಚ್ಚಿದ ಮೇಲಷ್ಟೇ ಪೆಟ್ಟಿಗೆಯೊಳಗೆ ಹೋಗುತ್ತದೆ. ಚನ್ನಬಸಮ್ಮನ ರೊಟ್ಟಿ ತಣ್ಣಗಾಗಿದೆ, ಅದೊಂದು ಬೇಸರ.

ಒಂದು ದಿನ ತನ್ನ ಪಹಣಿ ತೆಗೆಸಲು ಬಂದ ಸಿದ್ದಣ್ಣ ಜಗುಲಿಯಲ್ಲಿ ನಿಂತು ಮೇಲೆ ನೋಡಿದ. ಪಕ್ಕದಲ್ಲಿ ಮಿಲ್ಲು ಗುರ್ರೆನ್ನುತ್ತಿತ್ತು. ಬಲ್ಬು ಅಲುಗದೆ ಉರಿಯುತ್ತಿತ್ತು.

"ಲೈನು ಬಂತಲ್ಲಮ್ಮ. ಇನ್ನೂ ಯಾಕೆ ಇದನ್ನ ಉರಿಸ್ತೀಯ?"

ವಿನುತಾ ಕೀಲಿಮಣೆಯಿಂದ ಕೈ ತೆಗೆಯದೆ ಹೇಳಿದಳು: "ಇರ್ಲಿ ಸಿದ್ದಣ್ಣೋರೆ. ಈ ಜಾಗ ಆಗಿಬರುತ್ತೋ ಇಲ್ವೋ ಅಂತ ಇನ್ಮೇಲೆ ಯಾರಿಗಾದ್ರೂ ಅನುಮಾನ ಬಂದ್ರೆ, ಅದನ್ನೇ ಕೇಳ್ಲಿ."