ಕೋವಳಂ ಕೆಸರಿನಲ್ಲಿ ಅಮ್ಮ ಕಂಡ ಹಕ್ಕಿ

ಕೋವಳಂ ಹಿನ್ನೀರಿನ ದಂಡೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಚೆನ್ನೈನ ವೆಸ್ಟ್ ಮಾಂಬಲಂನಿಂದ ನಸುಕಿನಲ್ಲೇ ಹೊರಟು ಬಂದೆವು, ಅಮ್ಮ ಮತ್ತು ನಾನು. ನನಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದವಳೇ ಅವಳು. ಕಳೆದ ಚಳಿಗಾಲ ರಜೆಗೆಂದು ಅಂಡಮಾನಿಗೆ ಹೋದಾಗ, ಮೇಲಕ್ಕೆ ಬಾಗಿದ ಕೊಕ್ಕಿನ ಟೆರೆಕ್ ಸ್ಯಾಂಡ್‌ಪೈಪರ್ ಎಂಬ ವಲಸೆ ಹಕ್ಕಿಯನ್ನು ಮನೆಯವರೆಲ್ಲ ಕಂಡೆವು. ಕಣ್ಣಿಗೆ ಪೊರೆ ಬಂದಿದ್ದ ಅಮ್ಮನಿಗೆ ಮಾತ್ರ ಬರೀ ಮಂಜು. "ಕೂಗು ಕೇಳಿಸ್ತಲ್ಲ, ಸಾಕು ಬಿಡು" ಅಂದಿದ್ದಳು. ಊರಿಗೆ ಬಂದವಳೇ ಪೋರೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಳು.

ಇವತ್ತು ಇಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದವರ ಗುಂಪೇ ನೆರೆದಿತ್ತು. ಟೆರೆಕ್ ಇಲ್ಲಿಗೂ ಬಂದಿದೆಯೆಂದು ಸುದ್ದಿಯಿತ್ತು, ಆದರೆ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಅಮ್ಮ ಬೈನಾಕ್ಯುಲರ್ ಇಳಿಸದೆಯೇ ನನ್ನ ತೋಳು ಹಿಡಿದಳು.

"ಲೋ, ಆ ಮುರುಕು ದೋಣಿ ಪಕ್ಕ ನೋಡೋ. ಕಿತ್ತಳೆ ಕಾಲು. ಏಡಿ ಹಿಂದೆ ಹೆಂಗೆ ಓಡ್ತಿದೆ!"

ಅದೇ ಹಕ್ಕಿ. ಹುಡುಗಿಯೊಬ್ಬಳು ಓಡಿಬಂದು "ಎಂಗೆ ಪಾಟ್ಟಿ?" ಎಂದು, ಎಲ್ಲಿ ಅಜ್ಜಿ ಅಂತ ಕೇಳಿದಳು. ಅಮ್ಮ ತಮಿಳಿನಲ್ಲೇ ಜಾಗ ತೋರಿಸಿಕೊಟ್ಟಳು. ಕ್ಯಾಮೆರಾಗಳೆಲ್ಲ ಅವಳ ಬೆರಳು ಹೋದತ್ತ ತಿರುಗಿದವು.

"ಯಾರು ಸಾರ್ ಅವಂಗ?" ಅವರು ಯಾರು ಅಂತ ಪಕ್ಕದವನು ನನ್ನನ್ನು ಕೇಳಿದ.

"ಎಂಗಮ್ಮ", ನಮ್ಮಮ್ಮ ಎಂದೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.