ಶೀಶೆಯ ಮೇಲಿನ ಪಟ್ಟಿ

ನನ್ನ ಗಂಡನಿಗೆ ಮೊದಲು ಬಂದದ್ದು ಬರೀ ಕೆಮ್ಮು. ನಮ್ಮೂರು ಕಲ್ಯಾಣಿಯಿಂದ ಗಾಡಿ ಕಟ್ಟಿಸಿಕೊಂಡು ಹುಮನಾಬಾದಿನ ಒಂದು ಖಾಸಗಿ ದವಾಖಾನೆಗೆ ಹೋದೆ. ಔಷಧಕ್ಕೆ ಶೀಶೆ ನಾವೇ ಒಯ್ಯಬೇಕು. ಬೂದಿ ಹಾಕಿ ತಿಕ್ಕಿ, ಫಳಫಳ ತೊಳೆದು ಒಯ್ದಿದ್ದೆ. ಕಂಪೌಂಡರ್ ಯಾರ ಜೊತೆಗೋ ಹರಟುತ್ತ ಔಷಧ ಸುರಿದ. ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಶೀಶೆಗೆ ಅಂಟಿಸಿ ಕೊಟ್ಟ. ಒಂದು ಹಲ್ಲಿನಷ್ಟು ಒಂದು ಸಲಕ್ಕೆ ಕುಡಿಸಬೇಕು. ಓದು ಬಾರದವರಿಗೂ ಇದು ಗೊತ್ತು.

ಮನೆಯಲ್ಲಿ ಕುಡಿಸಹೋದರೆ ಅವರು ಮೂಗು ಮುಚ್ಚಿಕೊಂಡರು.

"ದವಾ ಅಂದ್ರ ಅತ್ತರ್ ಇದ್ದಂಗ ಇರ್ತದೇನ್ರಿ? ಸುಮ್ನ ಕುಡೀರಿ" ಎಂದು ನಕ್ಕೆ.

ಕುಡಿದರು. ಗಂಟಲು ಹಿಡಿದುಕೊಂಡು ನೆಲಕ್ಕೆ ಬಿದ್ದರು.

ಅದು ಮೊಣಕಾಲಿಗೆ ತಿಕ್ಕುವ ಲಿನಿಮೆಂಟ್.

ಸರ್ಕಾರಿ ಡಾಕ್ಟರ್ ಜೀವ ಉಳಿಸಿದರು, ಪೊಲೀಸರಿಗೂ ತಿಳಿಸಿದರು. ಗಂಟಲು ಸುಟ್ಟಿತ್ತು. ತಿಳಿಗಂಜಿಯನ್ನು ಹನಿಹನಿಯಾಗಿ ಬಿಡುತ್ತ ಹಾಸಿಗೆಯ ಪಕ್ಕದಲ್ಲೇ ಕುಳಿತೆ. ಅತ್ತೆ ಮಾತ್ರ ಓಣಿಗೆಲ್ಲ ಕೇಳುವಂತೆ, "ನಿಷ್ಕಾಳಜಿ ಹೆಣ್ಣ! ನನ್ನ ಮಗನ ಜೀವಾ ತಗೀತಿದ್ದಿ" ಎಂದರು. ಅವರ ಬಾಯಲ್ಲಿ ಹಾಲು ಉಕ್ಕಿದರೂ ನಿಷ್ಕಾಳಜಿ, ಅಂಗಳದ ಹಗ್ಗ ಮಳೆಗೆ ನೆನೆದರೂ ನಿಷ್ಕಾಳಜಿ. ಆದರೆ ಈ ಸಲ ಆ ಮಾತು ಎದೆಗೆ ನಾಟಿತು.

ಕಂಪೌಂಡರ್ ಮನೆಗೆ ಬಂದ. ರೋಗಿ ಹೇಗಿದ್ದಾನೆಂದು ಕೇಳಲಿಲ್ಲ, ಶೀಶೆ ಎಲ್ಲಿ ಎಂದ.

"ಕೊಡಂಗಿಲ್ಲ" ಎಂದೆ. ಸೆರಗಿನಲ್ಲಿ ಗಂಟು ಹಾಕಿ ನಡುವಿಗೆ ಸಿಕ್ಕಿಸಿಕೊಂಡೆ. ನನ್ನ ಹಟ ನಮ್ಮ ಓಣಿಗೆಲ್ಲ ಗೊತ್ತು.

ಅದಾಲತ್ತಿನಲ್ಲಿ ಅವನು, "ಹಚ್ಚೋ ದವಾ ಅಂತ ಹೇಳೇ ಕೊಟ್ಟೀನಿ ಹುಜೂರ್. ತಪ್ಪು ಈ ಹೆಣ್ಣುಮಗಳದು" ಎಂದ. ಮುನ್ಸಿಫರು ಉರ್ದುವಿನಲ್ಲಿ ಏನೋ ಕೇಳಿದರು. ನಮ್ಮ ಕಡೆಯ ವಕೀಲರು ನನ್ನತ್ತ ತಿರುಗಿದರು. "ಏನರ ಹೇಳೋದೈತೇನವ್ವಾ?"

ಗಂಟು ಬಿಚ್ಚಿ ಶೀಶೆ ಮುಂದಿಟ್ಟೆ. "ನಾ ಬರೀ ಶೀಶಿ ತೊಳದು ಒಯ್ದಿದ್ದೆನ್ರಿ. ಪಟ್ಟಿ ಇವರು ಹಚ್ಚ್ಯಾರ. ತಿಕ್ಕೋ ದವಾಕ್ಕ ಕುಡಿಯೋ ಪಟ್ಟಿ ಯಾಕ? ಅಷ್ಟು ಕೇಳ್ರಿ."

ಮುನ್ಸಿಫರ ತೀರ್ಪನ್ನು ವಕೀಲರು ತಿಳಿಸಿ ಹೇಳಿದರು. ಎಚ್ಚರದಿಂದ ಇರಬೇಕಾದ ಹೊಣೆ ಯಾರದೋ, ಅವರು ಎಚ್ಚರ ತಪ್ಪಿದರೆ ಕಾನೂನಿನಲ್ಲಿ ಅದೇ ಗಫಲತ್. ಔಷಧ ನೋಡಿ ಕೊಡುವ ಹೊಣೆ ಕಂಪೌಂಡರನದು. ಪಟ್ಟಿ ನಂಬಿ ಕುಡಿಸಿದವಳು ತಪ್ಪಿತಸ್ಥೆಯಲ್ಲ. ಅದಾಲತ್ತಿನ ಮೆಟ್ಟಿಲನ್ನು ತಲೆಯೆತ್ತಿ ಇಳಿದೆ. ಹೌದು, ನನಗೆ ಹೆಮ್ಮೆಯಾಗಿತ್ತು.

ಗಂಡನ ದನಿ ಇನ್ನೂ ಗೊಗ್ಗರು. ರೊಟ್ಟಿ ಹಾಲಿನಲ್ಲಿ ನೆನೆಸಿದರೆ ಇಳಿಯುತ್ತದೆ. ಸದ್ಯಕ್ಕೆ ಅಷ್ಟು ಸಾಕು, ದೇವರೇ.

ಮೊನ್ನೆ ಅತ್ತೆಗೆ ಜ್ವರ. ನಾದಿನಿ ಔಷಧದ ಬಟ್ಟಲು ಹಿಡಿದು ಎಷ್ಟು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ. "ಆಕಿ ಬರ್ಲಿ. ಆಕಿ ಕೊಟ್ರ ಕುಡೀತೀನಿ."

ಒಲೆಯ ಮುಂದಿನಿಂದ ಎದ್ದು ಓಡಿದೆ. ಹಿಂದೆ ಹಾಲು ಚುರ್ರೆಂದು ಉಕ್ಕಿತು.

"ನಿಷ್ಕಾಳಜಿ ಹೆಣ್ಣ!" ಎಂದು ಗದರಿದರು ಅತ್ತೆ. ಬಟ್ಟಲನ್ನು ನನ್ನ ಕೈಯಿಂದಲೇ ಇಸಿದುಕೊಂಡು, ಒಳಗೆ ಏನಿದೆಯೆಂದು ನೋಡದೆ ಕುಡಿದರು.